ಎಕ್ಸ್‌ವಿ6 ಫೈಲ್ ಕೋಡ್: ಲಾಕ್ ಹಾಕಿದ ಮೇಲೂ ಒಂದೇ ಸ್ಲಾಟ್ ಇಬ್ಬರಿಗೆ ಸಿಗುತ್ತಿದೆ, ಯಾಕೆ?

ಕುಶಾಲನಗರ_ಲ್ಯಾಬ್

ಎಲ್ಲರಿಗೂ ನಮಸ್ಕಾರ. ಇಲ್ಲಿನ ಓದುಬಳಗದ ಹುಡುಗರು ಎಕ್ಸ್‌ವಿ6ರ (ಪಾಠಕ್ಕೆಂದು ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್) ರಿಸ್ಕ್-ಫೈವ್ ಪ್ರೊಸೆಸರ್ ಆವೃತ್ತಿಯ ಫೈಲ್ ಕೋಡನ್ನು ಬಿಚ್ಚಿ ಜೋಡಿಸುತ್ತಿದ್ದಾರೆ. ತೆರೆದ ಪ್ರತಿ ಫೈಲಿಗೂ ಕರ್ನಲ್ಲಿನ ಎಫ್‌ಟೇಬಲ್ ಎಂಬ ಪಟ್ಟಿಯಲ್ಲಿ ಒಂದು ಸ್ಲಾಟ್ ಬೇಕು. ಲಾಕ್ ಹಿಡಿದುಕೊಂಡೇ 100 ಸ್ಲಾಟ್ ಹುಡುಕುವುದು ದಂಡ ಅನ್ನಿಸಿ, ಸ್ಲಾಟ್ ಕೊಡುವ ಫೈಲ್‌ಅಲಾಕ್ ಫಂಕ್ಷನ್ ಬದಲಿಸಿದ್ದಾರೆ. ಈಗ ಅದು ಲಾಕ್ ಇಲ್ಲದೆ ರೆಫ್ (ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಎಣಿಕೆ) 0 ಇರುವ ಸ್ಲಾಟ್ ಹುಡುಕುತ್ತದೆ, ಸಿಕ್ಕಿದ ಮೇಲೆ ಎಫ್‌ಟೇಬಲ್ ಲಾಕ್ ಹಿಡಿದು ರೆಫ್ 1 ಮಾಡಿ ಲಾಕ್ ಬಿಡುತ್ತದೆ.

ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ ಒಂದೇ ಸಿಪಿಯು ಕೊಟ್ಟರೆ ಎಕ್ಸ್‌ವಿ6ರ ಪರೀಕ್ಷೆಗಳಾದ ಯೂಸರ್‌ಟೆಸ್ಟ್ಸ್ ಪಾಸಾಗುತ್ತದೆ. 3 ಸಿಪಿಯು ಕೊಟ್ಟರೆ ಒಂದು ಪ್ರೊಸೆಸ್ ಬರೆದದ್ದು ಇನ್ನೊಂದರ ಫೈಲಿಗೆ ಹೋಗುತ್ತದೆ. ಕೆಲವೊಮ್ಮೆ ‘ಫೈಲ್‌ಕ್ಲೋಸ್’ ಎಂದು ಕರ್ನಲ್ ಪ್ಯಾನಿಕ್ (ಕರ್ನಲ್ ತಾನೇ ನಿಂತುಹೋಗುವುದು). ಬಹಳ ಹೊತ್ತು ಓಡಿಸಿದರೆ ‘ಐಗೆಟ್: ನೋ ಐನೋಡ್ಸ್’ ಪ್ಯಾನಿಕ್ (ಐನೋಡ್ ಎಂದರೆ ಒಂದೊಂದು ಫೈಲಿನ ಬಗ್ಗೆ ಕರ್ನಲ್ ಇಟ್ಟುಕೊಳ್ಳುವ ದಾಖಲೆ).

ಇನ್ನೊಂದು ಗುಂಪು ಫೈಲ್‌ಕ್ಲೋಸ್‌ನಲ್ಲಿ ಲಾಕ್ ಬಿಡುವುದನ್ನು ಕೊನೆಯ ಸಾಲಿಗೆ ತಳ್ಳಿತು. ಅಲ್ಲಿ ‘ಸ್ಕೆಡ್ ಲಾಕ್ಸ್’ ಪ್ಯಾನಿಕ್ ಬರುತ್ತಿದೆ.

ರೆಫ್ ಬದಲಿಸುವ ಸಾಲಿಗೆ ಲಾಕ್ ಇದೆಯಲ್ಲ, ಮತ್ತೆ ರೇಸ್ (ಇಬ್ಬರು ಏಕಕಾಲಕ್ಕೆ ಕೈಹಾಕಿ ಆಗುವ ಎಡವಟ್ಟು) ಎಲ್ಲಿಂದ ಬಂತು ಎಂಬುದು ಹುಡುಗರ ಪ್ರಶ್ನೆ. ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳಿದರೆ ಉಪಕಾರ.

ಹಟ್ಟಿಹೊಳೆ

ಸರ್, ಅವರು ಲಾಕ್ ಹಾಕಿರುವುದು ಒಂದು ಸಾಲಿಗೆ. ಕಾಪಾಡಬೇಕಾಗಿದ್ದದ್ದು ಒಂದು ಮಾತನ್ನು: ‘ಈ ಸ್ಲಾಟ್ ಖಾಲಿ ಇದೆ, ಆದ್ದರಿಂದ ನನ್ನದು’. ‘ಖಾಲಿ ಇದೆ’ ಎಂದು ನೋಡಿದ ಗಳಿಗೆಯಿಂದ ‘ನನ್ನದು’ ಎಂದು ಬರೆಯುವ ಗಳಿಗೆಯವರೆಗೆ ಲಾಕ್ ಕೈಯಲ್ಲೇ ಇರಬೇಕು. ನಡುವೆ ಒಮ್ಮೆ ಕೈಬಿಟ್ಟರೂ, ನೋಡಿದ್ದು ಹಳೇ ಸುದ್ದಿ.

7ನೇ ಸ್ಲಾಟನ್ನೇ ತೆಗೆದುಕೊಳ್ಳಿ:

1. ಸಿಪಿಯು 0 ನೋಡಿತು: ರೆಫ್ 0.
2. ಸಿಪಿಯು 1 ನೋಡಿತು: ಅದಕ್ಕೂ ರೆಫ್ 0.
3. ಸಿಪಿಯು 0 ಲಾಕ್ ಹಿಡಿದು ರೆಫ್ 1 ಮಾಡಿ ಬಿಟ್ಟಿತು.
4. ಸಿಪಿಯು 1 ಸರದಿಯಲ್ಲಿ ಕಾದು ಲಾಕ್ ಹಿಡಿಯಿತು. ಮತ್ತೆ ರೆಫ್ 1 ಎಂದೇ ಬರೆಯಿತು, 2 ಅಲ್ಲ.
5. ಇಬ್ಬರ ಕೈಯಲ್ಲೂ 7ನೇ ಸ್ಲಾಟ್. ಎಣಿಕೆ ಮಾತ್ರ ಒಂದು.

ನಿಮ್ಮ ಮೂರೂ ಲಕ್ಷಣ ಇಲ್ಲಿಂದಲೇ ಹುಟ್ಟುತ್ತವೆ. ಸಿಪಿಯು 0 ತನ್ನ ಐನೋಡ್ ಪಾಯಿಂಟರನ್ನು ಸ್ಲಾಟಿನಲ್ಲಿ ಬರೆಯುತ್ತದೆ, ಸಿಪಿಯು 1 ಅದರ ಮೇಲೇ ತನ್ನದನ್ನು ಬರೆಯುತ್ತದೆ. ಅಲ್ಲಿಂದ ಮುಂದೆ ಸಿಪಿಯು 0ರ ಪ್ರೊಸೆಸ್ ಬರೆಯುವುದೆಲ್ಲ ಬೇರೆಯವರ ಫೈಲಿಗೆ.

ಅಳಿಸಿಹೋದ ಮೊದಲ ಪಾಯಿಂಟರಿಗೆ ಇನ್ನು ಯಾರೂ ಐಪುಟ್ (ಐನೋಡ್ ಕೈಬಿಡುವ ಫಂಕ್ಷನ್) ಕರೆಯುವುದಿಲ್ಲ. ಆ ಐನೋಡಿನ ಎಣಿಕೆ ಇಳಿಯುವುದೇ ಇಲ್ಲ. ಐನೋಡ್ ಟೇಬಲ್ಲಿನಲ್ಲಿ ಇರುವುದೇ 50 ಜಾಗ. ಹೀಗೆ ಒಂದೊಂದಾಗಿ ಸೋರಿ ಕೊನೆಗೆ ‘ನೋ ಐನೋಡ್ಸ್’.

ಇಬ್ಬರೂ ಕ್ಲೋಸ್ ಮಾಡಿದಾಗ ಮೊದಲನೆಯವರು ಎಣಿಕೆಯನ್ನು 0ಗೆ ಇಳಿಸುತ್ತಾರೆ. ಎರಡನೆಯವರು ಬಂದಾಗ ರೆಫ್ 1ಕ್ಕಿಂತ ಕಡಿಮೆ, ಹಾಗಾಗಿ ‘ಫೈಲ್‌ಕ್ಲೋಸ್’ ಪ್ಯಾನಿಕ್. ಈ ಪ್ಯಾನಿಕ್ ಬಂದರೆ ಒಳ್ಳೆಯದೇ ಆಯಿತು ಅನ್ನಿ. ಎರಡು ಕ್ಲೋಸ್‌ಗಳ ನಡುವೆ ಮೂರನೆಯ ಪ್ರೊಸೆಸ್ ಅದೇ ಸ್ಲಾಟ್ ಹಿಡಿದಿದ್ದರೆ ಪ್ಯಾನಿಕ್ ಬರುವುದಿಲ್ಲ. ಏನೂ ತಿಳಿಯದ ಆ ಮೂರನೆಯವರ ಫೈಲ್ ಸದ್ದಿಲ್ಲದೆ ಮುಚ್ಚಿಹೋಗುತ್ತದೆ.

ಪರಿಹಾರ ಸುಲಭ: ಹುಡುಕಾಟವನ್ನೂ ಲಾಕಿನ ಒಳಗೇ ಇಡಿ. ಲಾಕ್ ಇಲ್ಲದೆ ಹುಡುಕಲೇಬೇಕೆಂದಿದ್ದರೆ, ಲಾಕ್ ಹಿಡಿದ ಮೇಲೆ ರೆಫ್ ಇನ್ನೂ 0 ಇದೆಯೇ ಎಂದು ಮತ್ತೊಮ್ಮೆ ನೋಡಿ; ಇಲ್ಲದಿದ್ದರೆ ಲಾಕ್ ಬಿಟ್ಟು ಹುಡುಕಾಟ ಮುಂದುವರಿಸಿ. ಆದರೆ 100 ಹೋಲಿಕೆ ಉಳಿಸಲು ಈ ಪಾಡು ಬೇಡ ಎಂಬುದು ನನ್ನ ಅಭಿಪ್ರಾಯ.

ಒಂದು ಸಿಪಿಯುನಲ್ಲಿ ಪಾಸಾಯಿತೆಂದು ನಂಬಬೇಡಿ. ಎಕ್ಸ್‌ವಿ6 ಕರ್ನಲ್ ಕೋಡ್ ಓಡುವಾಗಲೂ ಟೈಮರ್ ಇಂಟರಪ್ಟ್ ಬಂದು ಬೇರೆ ಪ್ರೊಸೆಸ್‌ಗೆ ಸರದಿ ಕೊಡಬಹುದು. ಅಲ್ಲೂ ರೇಸ್ ಇದೆ, ಅಪರೂಪಕ್ಕೆ ಮುಖ ತೋರಿಸುತ್ತದೆ ಅಷ್ಟೆ.

ತಡಿಯಂಡಮೋಳ್

‘ಸ್ಕೆಡ್ ಲಾಕ್ಸ್’ ಬಗ್ಗೆ ನಾನು ಹೇಳುತ್ತೇನೆ.

ಎಫ್‌ಟೇಬಲ್ ಲಾಕ್ ಒಂದು ಸ್ಪಿನ್‌ಲಾಕ್. ಅದನ್ನು ಹಿಡಿದ ಸಿಪಿಯುನಲ್ಲಿ ಇಂಟರಪ್ಟ್ ಬಂದ್ ಆಗಿರುತ್ತದೆ, ಕಾಯುವ ಸಿಪಿಯು ಸುತ್ತುತ್ತಲೇ ಇರುತ್ತದೆ. ಹಿಡಿದವರು ಮಲಗಿದರೆ (ಸಿಪಿಯು ಬಿಟ್ಟುಕೊಟ್ಟು ಕಾಯುತ್ತಾ ನಿಂತರೆ) ಕಾಯುವವರಿಗೆ ಗತಿಯಿಲ್ಲ. ಅದಕ್ಕೇ ಸ್ಕೆಡ್ಯೂಲರಿಗೆ ಒಪ್ಪಿಸುವ ಮುನ್ನ ಕರ್ನಲ್ ಲೆಕ್ಕ ನೋಡುತ್ತದೆ: ಈ ಸಿಪಿಯು ಕೈಯಲ್ಲಿ ಪ್ರೊಸೆಸ್‌ನ ಸ್ವಂತ ಲಾಕ್ ಒಂದೇ ಇರಬೇಕು. ಎರಡನೆಯದು ಕಂಡರೆ ಪ್ಯಾನಿಕ್.

ಡಿಸ್ಕ್ ಬದಲಾವಣೆಗಳನ್ನು ಎಕ್ಸ್‌ವಿ6 ಮೊದಲು ಒಂದು ಲಾಗಿನಲ್ಲಿ ಬರೆಯುತ್ತದೆ; ಅಂಥ ಒಂದು ವ್ಯವಹಾರ (ಟ್ರಾನ್ಸಾಕ್ಷನ್) ಶುರುಮಾಡುವುದು ಬಿಗಿನ್‌ಆಪ್, ಮುಗಿಸುವುದು ಎಂಡ್‌ಆಪ್. ಫೈಲ್‌ಕ್ಲೋಸ್ ಕೊನೆಗೆ ಬಿಗಿನ್‌ಆಪ್, ಐಪುಟ್, ಎಂಡ್‌ಆಪ್ ಕರೆಯುತ್ತದೆ. ಮೂರೂ ಮಲಗಬಲ್ಲವು: ಬಿಗಿನ್‌ಆಪ್ ಲಾಗಿನಲ್ಲಿ ಜಾಗ ಸಿಗುವವರೆಗೆ, ಐಪುಟ್ ಅಳಿಸಿದ ಫೈಲಿನ ಬ್ಲಾಕ್‌ಗಳನ್ನು ಬಿಡಿಸಲು ಡಿಸ್ಕ್ ಓದುವಾಗ, ಎಂಡ್‌ಆಪ್ ಕಮಿಟ್ ಬರೆಯುವಾಗ. ಹಾಗಾಗಿ ಮೂಲ ಕೋಡಿನ ಕ್ರಮ ಹೀಗಿದೆ: ಲಾಕ್ ಹಿಡಿದು ಎಣಿಕೆ ಇಳಿಸು. ಇನ್ನೂ ಉಳಿದಿದ್ದರೆ ಲಾಕ್ ಬಿಟ್ಟು ವಾಪಸ್. ತಾನೇ ಕೊನೆಯವನಾದರೆ ಇಡೀ ಸ್ಲಾಟನ್ನು ಸ್ಟ್ಯಾಕ್ ಮೇಲಿನ ಒಂದು ಸ್ಥಳೀಯ ವೇರಿಯಬಲ್‌ಗೆ ನಕಲು ಮಾಡು, ಸ್ಲಾಟನ್ನು ಖಾಲಿ ಎಂದು ಗುರುತಿಸು, ಲಾಕ್ ಬಿಡು. ಆಮೇಲೆ ಆ ನಕಲಿನಲ್ಲಿರುವ ಐನೋಡಿಗೆ ಐಪುಟ್ ಕರೆ.

ಆ ನಕಲಿನ ಸಾಲು ಓದುವವರ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ತೆಗೆದು, ಲಾಕ್ ಬಿಟ್ಟ ಮೇಲೆ ಸ್ಲಾಟಿನಿಂದಲೇ ಐನೋಡ್ ಪಾಯಿಂಟರ್ ಓದಿ ನೋಡಿ. ಅಷ್ಟರಲ್ಲಿ ಬೇರೆ ಪ್ರೊಸೆಸ್ ಸ್ಲಾಟ್ ಪಡೆದು ತನ್ನ ಐನೋಡ್ ಇಟ್ಟಿದ್ದರೆ, ನೀವು ಅವರ ಐನೋಡನ್ನು ಕೈಬಿಟ್ಟಂತಾಗುತ್ತದೆ.

ಶನಿವಾರಸಂತೆ

ಒಂದು ಸಂದೇಹ ಅಣ್ಣ. ರೆಫ್ ಅನ್ನು ಅಟಾಮಿಕ್ (ನಡುವೆ ಯಾರೂ ನುಗ್ಗಲಾಗದಂತೆ ಒಂದೇ ಏಟಿಗೆ ಬದಲಾಗುವ) ಎಣಿಕೆ ಮಾಡಿಬಿಟ್ಟರೆ ಲಾಕಿನ ಗೊಡವೆಯೇ ಬೇಡವಲ್ಲ? ಲಿನಕ್ಸ್ ಹಾಗೇ ಮಾಡುತ್ತದೆ ಎಂದು ಕೇಳಿದ್ದೇನೆ.

ತಡಿಯಂಡಮೋಳ್

@ಶನಿವಾರಸಂತೆ ಹಿಡಿಯುವ ಕಡೆ ಮಾಡಬಹುದು: ‘0 ಇದ್ದರೆ ಮಾತ್ರ 1 ಮಾಡು’ ಎಂಬ ಒಂದೇ ಅಟಾಮಿಕ್ ಕ್ರಿಯೆ ಸಾಕು. ಬಿಡುವ ಕಡೆ ಸಾಲದು. ಎಣಿಕೆ 0 ಆದ ಕ್ಷಣದಿಂದ ಸ್ಲಾಟ್ ಎಲ್ಲರ ಕಣ್ಣಿಗೂ ಖಾಲಿ. ನೀವು ಪಾಯಿಂಟರ್ ನಕಲು ಮಾಡಿಕೊಳ್ಳುವ ಮುನ್ನವೇ ಇನ್ನೊಬ್ಬರು ಬಂದು ಕೂರಬಹುದು. ಎಣಿಕೆ ಅಟಾಮಿಕ್ ಆಯಿತೇ ಹೊರತು ‘ಎಣಿಕೆ, ಬಗೆ, ಐನೋಡ್’ ಈ ಮೂರರ ಹೊಂದಾಣಿಕೆ ಅಟಾಮಿಕ್ ಆಗಲಿಲ್ಲ. ‘ಖಾಲಿ ಮಾಡಲಾಗುತ್ತಿದೆ’ ಎಂಬ ಮೂರನೆಯ ಸ್ಥಿತಿಯೊಂದನ್ನು ನಡುವೆ ಸೇರಿಸಿದರೆ ಸರಿಹೋಗುತ್ತದೆ.

ಲಿನಕ್ಸ್ ಅಟಾಮಿಕ್ ಎಣಿಕೆ ಬಳಸುತ್ತದೆ ನಿಜ, ಜೊತೆಗೆ ಆರ್‌ಸಿಯು (ಲಾಕ್ ಹಿಡಿಯದೆ ಓದಲು ಬಿಡುವ ವ್ಯವಸ್ಥೆ) ಇದೆ. ಫೈಲ್ ಡಿಸ್ಕ್ರಿಪ್ಟರಿನಿಂದ (ತೆರೆದ ಫೈಲಿಗೆ ಪ್ರೊಸೆಸ್ ಬಳಸುವ ಸಂಖ್ಯೆ) ಪಾಯಿಂಟರ್ ತೆಗೆದು, ಎಣಿಕೆ 0 ಅಲ್ಲದಿದ್ದರೆ ಮಾತ್ರ ಏರಿಸಿ, ಆಮೇಲೆ ಟೇಬಲ್ಲಿನಲ್ಲಿ ಅದೇ ಪಾಯಿಂಟರ್ ಇದೆಯೇ ಎಂದು ಮತ್ತೊಮ್ಮೆ ನೋಡುತ್ತದೆ. ಆ ಮರುಪರೀಕ್ಷೆ ಇಲ್ಲದಿದ್ದರೆ, ಅಷ್ಟರಲ್ಲಿ ಮರುಬಳಕೆಯಾದ ಬೇರೆ ಫೈಲನ್ನು ಹಿಡಿದು ಕೂರುವ ಅಪಾಯವಿದೆ. ಲಾಕ್ ಹೋದಲ್ಲಿ ಕೆಲಸ ಹೆಚ್ಚಾಯಿತು, ಕಡಿಮೆಯಾಗಲಿಲ್ಲ.

ಹಟ್ಟಿಹೊಳೆ

ಮುಂದಿನ ಪಾಠಕ್ಕೆ ಆಫ್‌ಸೆಟ್ (ಫೈಲಿನಲ್ಲಿ ಮುಂದೆ ಓದುವ, ಬರೆಯುವ ಜಾಗದ ಗುರುತು) ತೆಗೆದುಕೊಳ್ಳಿ ಸರ್. ಅಲ್ಲಿ ಇನ್ನೂ ಸೂಕ್ಷ್ಮವಿದೆ.

ಫೋರ್ಕ್ ಆದ ಮೇಲೆ (ಒಂದು ಪ್ರೊಸೆಸ್ ತನ್ನ ನಕಲು ಹುಟ್ಟಿಸಿದ ಮೇಲೆ) ತಂದೆ, ಮಗು ಎರಡೂ ಪ್ರೊಸೆಸ್ ಒಂದೇ ಫೈಲ್ ಸ್ಲಾಟ್ ಹಂಚಿಕೊಳ್ಳುತ್ತವೆ, ಆಫ್‌ಸೆಟ್ ಕೂಡ ಒಂದೇ. ಫೈಲ್‌ರೀಡ್ ಐನೋಡಿನ ಲಾಕ್ ಹಿಡಿದೇ ಓದುತ್ತದೆ, ಹಿಡಿದೇ ಆಫ್‌ಸೆಟ್ ಮುಂದಕ್ಕೆ ಒತ್ತುತ್ತದೆ. ಆಫ್‌ಸೆಟ್ ಏರಿಸುವ ಸಾಲನ್ನು ಅನ್‌ಲಾಕ್ ಆದ ಮೇಲೆ ಇಟ್ಟರೆ ಇಬ್ಬರೂ ಅದೇ ಬೈಟ್‌ಗಳನ್ನು ಓದುತ್ತಾರೆ.

ಲಿನಕ್ಸ್‌ನಲ್ಲೇ ಈ ತೂತು ಬಹಳ ಕಾಲ ಇತ್ತು. ಎರಡು ಥ್ರೆಡ್ ಒಂದೇ ಡಿಸ್ಕ್ರಿಪ್ಟರಿಗೆ ಏಕಕಾಲಕ್ಕೆ ರೈಟ್ ಮಾಡಿದರೆ ಇಬ್ಬರೂ ಒಂದೇ ಆಫ್‌ಸೆಟ್ ಓದಿ ಒಬ್ಬರ ಮೇಲೊಬ್ಬರು ಬರೆಯಬಹುದಿತ್ತು. 2014ರ 3.14 ಆವೃತ್ತಿಯಲ್ಲಿ ಆಫ್‌ಸೆಟ್‌ಗೆಂದೇ ಒಂದು ಲಾಕ್ ಬಂತು.

ಆದರೆ ಫೈಲನ್ನು ಇಬ್ಬರು ಬೇರೆ ಬೇರೆಯಾಗಿ ಓಪನ್ ಮಾಡಿದರೆ ಆಫ್‌ಸೆಟ್ ಬೇರೆ ಬೇರೆ. ಐನೋಡ್ ಲಾಕ್ ಎಷ್ಟೇ ಭದ್ರವಾಗಿದ್ದರೂ ಇಬ್ಬರೂ 0ಯಿಂದಲೇ ಶುರುಮಾಡಿ ಒಬ್ಬರದನ್ನೊಬ್ಬರು ಅಳಿಸುತ್ತಾರೆ. ಅದಕ್ಕೇ ಅಪೆಂಡ್ (ಯಾವಾಗಲೂ ಫೈಲಿನ ಕೊನೆಗೇ ಬರೆ ಎಂಬ) ಗುರುತು ಬೇಕಾಗುವುದು. ಎಕ್ಸ್‌ವಿ6ರಲ್ಲಿ ಅದಿಲ್ಲ, ಹುಡುಗರಿಂದ ಸೇರಿಸಿಸಿ. ಫೈಲಿನ ಉದ್ದ ನೋಡಿ ಆಫ್‌ಸೆಟ್ ಅಲ್ಲಿಗೆ ಇಡುವುದು ಓಪನ್ ಹೊತ್ತಿನಲ್ಲಲ್ಲ, ಪ್ರತಿ ಬರಹದಲ್ಲೂ, ಐಲಾಕ್‌ನಿಂದ ಐನೋಡ್ ಲಾಕ್ ಹಿಡಿದ ನಂತರ.

ಇಲ್ಲೊಂದು ಅಂಕಿ ನೆನಪಿಡಿ: 3072. ಫೈಲ್‌ರೈಟ್ ದೊಡ್ಡ ಬರಹವನ್ನು ತುಂಡು ಮಾಡುತ್ತದೆ. ಒಂದು ವ್ಯವಹಾರಕ್ಕೆ ಲಾಗಿನಲ್ಲಿ 10 ಬ್ಲಾಕ್. ಐನೋಡಿಗೆ 1, ಇಂಡೈರೆಕ್ಟ್ ಬ್ಲಾಕಿಗೆ (ಡೇಟಾ ಬ್ಲಾಕ್‌ಗಳ ವಿಳಾಸ ಇರುವ ಬ್ಲಾಕ್) 1, ಅಂಚು ಹೊಂದದ ಬರಹಕ್ಕೆ 2 ಕಳೆದರೆ 6. ಪ್ರತಿ ಡೇಟಾ ಬ್ಲಾಕಿಗೆ ಬಿಟ್‌ಮ್ಯಾಪ್ (ಯಾವ ಬ್ಲಾಕ್ ಖಾಲಿ ಎಂಬ ಪಟ್ಟಿ) ಬ್ಲಾಕ್ ಒಂದು ಎಂದು ಅರ್ಧ ಮಾಡಿದರೆ 3. ಬ್ಲಾಕ್ 1024 ಬೈಟ್, ಹಾಗಾಗಿ 3072. ಪ್ರತಿ ತುಂಡಿನ ನಡುವೆ ಐನೋಡ್ ಲಾಕ್ ಬಿಟ್ಟು ಮತ್ತೆ ಹಿಡಿಯುತ್ತದೆ. 3072 ಮೀರಿದ ಎರಡು ಅಪೆಂಡ್‌ಗಳು ಒಂದರೊಳಗೊಂದು ಹೆಣೆದುಕೊಂಡರೆ ಅದು ಹುಡುಗರ ತಪ್ಪಲ್ಲ.

ಗೋಣಿಕೊಪ್ಪ_ಸಿಸ್ಟಮ್ಸ್

ಲಾಕ್ ಕಡಿಮೆಯಾದರೆ ರೇಸ್, ಕ್ರಮ ತಪ್ಪಿದರೆ ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾಯುತ್ತಾ ಇಬ್ಬರೂ ನಿಂತುಬಿಡುವುದು). ಎರಡನೆಯದರ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ.

ಎಕ್ಸ್‌ವಿ6ರಲ್ಲಿ ಬಿಗಿನ್‌ಆಪ್ ಮೊದಲು, ಐಲಾಕ್ ಆಮೇಲೆ. ತಿರುಗಿಸಿದರೆ ಆಗುವುದು ಇದು: ‘ಅ’ ಪ್ರೊಸೆಸ್ ಐನೋಡ್ ಲಾಕ್ ಹಿಡಿದು ಬಿಗಿನ್‌ಆಪ್‌ನಲ್ಲಿ ಲಾಗ್ ಜಾಗಕ್ಕೆ ಕಾಯುತ್ತದೆ. ಆಗಲೇ ವ್ಯವಹಾರ ಶುರುಮಾಡಿದ ‘ಆ’ ಪ್ರೊಸೆಸ್ ಅದೇ ಐನೋಡ್ ಲಾಕಿಗೆ ಕಾಯುತ್ತದೆ. ‘ಆ’ ಮುಗಿಸದೆ ಲಾಗಿನಲ್ಲಿ ಜಾಗ ಬಿಡುಗಡೆಯಿಲ್ಲ, ‘ಅ’ ಲಾಕ್ ಬಿಡದೆ ‘ಆ’ ಮುಗಿಯುವುದಿಲ್ಲ. ಲಾಗ್ 30 ಬ್ಲಾಕಿನದಾದ್ದರಿಂದ ಏಕಕಾಲಕ್ಕೆ ಮೂರೇ ವ್ಯವಹಾರ; ನಾಲ್ಕು ಪ್ರೊಸೆಸ್ ಓಡಿಸಿದರೆ ಬೇಗ ಸಿಕ್ಕಿಬೀಳುತ್ತದೆ.

ಭಾಗಮಂಡಲ–ಕರಿಕೆ ರಸ್ತೆಯ ಇಕ್ಕಟ್ಟಿನ ತಿರುವಿನಲ್ಲಿ ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಕೊಡುತ್ತದಲ್ಲ, ಹಾಗೆ. ಯಾರು ಮೊದಲು ಬಂದರೆಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಎಲ್ಲ ಡ್ರೈವರ್‌ಗಳೂ ಒಂದೇ ಕ್ರಮ ಪಾಲಿಸುತ್ತಾರೆ ಎಂಬುದೇ ಮುಖ್ಯ.

ಇನ್ನೊಂದು ಕಡೆ ನೋಡಿ: ಪಾಥ್ ಬಿಡಿಸುವ ನೇಮ್‌ಎಕ್ಸ್. ಡೈರೆಕ್ಟರಿಯ ಲಾಕ್ ಹಿಡಿದು ಮುಂದಿನ ಹೆಸರು ಹುಡುಕುತ್ತದೆ, ಸಿಕ್ಕ ಐನೋಡನ್ನು ಲಾಕ್ ಮಾಡುವ ಮುನ್ನ ಹಳೆಯದನ್ನು ಬಿಡುತ್ತದೆ. ಹೆಸರು ಬರೀ ಚುಕ್ಕೆಯಾಗಿದ್ದರೆ ಸಿಕ್ಕದ್ದು ಅದೇ ಡೈರೆಕ್ಟರಿ. ಹಳೆಯದನ್ನು ಬಿಡದೆ ಹೊಸದಕ್ಕೆ ಕೈಹಾಕಿದರೆ ತನಗೆ ತಾನೇ ಕಾಯುತ್ತಾ ಕೂರಬೇಕು. ಲಾಕ್ ಬಿಟ್ಟ ಗಳಿಗೆಯಲ್ಲಿ ಐನೋಡ್ ಮಾಯವಾಗದೇ? ಆಗದು. ಲಾಕ್ ಬೇರೆ, ರೆಫ್ ಬೇರೆ. ರೆಫ್ ಕೈಯಲ್ಲಿರುವಾಗ ಐನೋಡ್ ಮೆಮೊರಿಯಲ್ಲೇ ಇರುತ್ತದೆ. ಫೈಲ್ ಕೋಡ್ ಓದುವಾಗ ಈ ಎರಡನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಅರ್ಧ ಗೊಂದಲ ಹೋಯಿತು.

ಲಿನಕ್ಸ್‌ನಲ್ಲಿ ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ರಿನೇಮ್ ಮಾಡುವಾಗ ಫೈಲ್‌ಸಿಸ್ಟಮ್ಮಿಗೇ ಒಂದಾದ ರಿನೇಮ್ ಮ್ಯೂಟೆಕ್ಸ್ ಮೊದಲು, ಆಮೇಲೆ ಪೂರ್ವಜ ಡೈರೆಕ್ಟರಿಯ ಲಾಕ್, ಆಮೇಲೆ ಕೆಳಗಿನದು. ಹೊಸ ಲಾಕ್ ಸೇರಿಸುವವರು ಲಾಕ್‌ಡೆಪ್ (ಲಾಕ್ ಕ್ರಮ ಪರೀಕ್ಷಿಸುವ ಲಿನಕ್ಸ್ ಸಾಧನ) ಚಾಲೂ ಇಟ್ಟು ಪರೀಕ್ಷಿಸಲಿ. 2006ರ 2.6.18ರಿಂದ ಇದೆ. ಡೆಡ್‌ಲಾಕ್ ನಿಜವಾಗಿ ಆಗಬೇಕಿಲ್ಲ. ಎರಡು ಲಾಕ್‌ಗಳನ್ನು ಒಮ್ಮೆ ಹಾಗೆ, ಒಮ್ಮೆ ಹೀಗೆ ಹಿಡಿದದ್ದನ್ನು ಕಂಡರೇ ಎಚ್ಚರಿಸುತ್ತದೆ. ಲಾಕಿಲ್ಲದ ರೇಸ್ ಹುಡುಕಲು ಕೆಸಿಸ್ಯಾನ್ ಇದೆ, 2020ರ 5.8ರಿಂದ.

ಮೂರ್ನಾಡು

ಚರ್ಚೆ ಕರ್ನಲ್ಲಿನದು, ನನ್ನದು ಅದರ ಮೇಲಿನ ಪ್ರಶ್ನೆ. ತೋಟದ ಮಳೆ ದಾಖಲೆಯ ಫೈಲ್ ಒಂದಿದೆ: ದಿನಾಂಕ, ಇಂಚು, ಸೆಂಟ್ (ಇಂಚಿನ ನೂರನೇ ಭಾಗ). ಸೆನ್ಸರ್ ಪ್ರೋಗ್ರಾಂ ಒಂದು ಕಡೆಯಿಂದ ಬರೆಯುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಅಳೆದದ್ದನ್ನು ಇನ್ನೊಂದು ಪ್ರೋಗ್ರಾಂ ತಿದ್ದುತ್ತದೆ. ಎರಡೂ ಫೈಲನ್ನು ಪೂರ್ತಿ ಓದಿ, ಸಾಲು ಬದಲಿಸಿ, ಪೂರ್ತಿ ಬರೆಯುತ್ತವೆ. ಎರಡರಲ್ಲೂ ಎಫ್‌ಸಿಎನ್‌ಟಿಎಲ್ (ಫೈಲಿಗೆ ಲಾಕ್ ಹಾಕುವ ಸಿಸ್ಟಮ್ ಕಾಲ್) ಲಾಕ್ ಇದೆ. ಆದರೂ ಹೂಮಳೆಯ ದಿನದ 1 ಇಂಚು 20 ಸೆಂಟ್ ತಿದ್ದಿದ್ದು ಸಂಜೆಗೆ ಮಾಯ. ಎಲ್ಲಿ ನೋಡಬೇಕು?

ಗೋಣಿಕೊಪ್ಪ_ಸಿಸ್ಟಮ್ಸ್

@ಮೂರ್ನಾಡು ಅಕ್ಕ, ಮೊದಲ ಗುಮಾನಿ: ಲಾಕ್ ಹಿಡಿದ ಪ್ರೊಸೆಸ್ಸಿನಲ್ಲೇ ಬೇರೆ ಯಾವುದೋ ಫಂಕ್ಷನ್ ಅಥವಾ ಲೈಬ್ರರಿ ಅದೇ ಫೈಲನ್ನು ಓದಲು ತೆರೆದು ಮುಚ್ಚುತ್ತಿದೆಯೇ? ಎಫ್‌ಸಿಎನ್‌ಟಿಎಲ್‌ನ ಹಳೆಯ ಪಾಸಿಕ್ಸ್ (ಯುನಿಕ್ಸ್ ಬಗೆಯ ಸಿಸ್ಟಮ್‌ಗಳ ಮಾನದಂಡ) ಲಾಕ್ ಡಿಸ್ಕ್ರಿಪ್ಟರಿಗೆ ಕಟ್ಟಿದ್ದಲ್ಲ, ‘ಪ್ರೊಸೆಸ್ ಮತ್ತು ಐನೋಡ್’ ಜೋಡಿಗೆ ಕಟ್ಟಿದ್ದು. ಆ ಪ್ರೊಸೆಸ್ ಆ ಫೈಲಿನ ಯಾವ ಡಿಸ್ಕ್ರಿಪ್ಟರ್ ಮುಚ್ಚಿದರೂ ಅದರ ಲಾಕೆಲ್ಲ ಹೋಯಿತು. ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ.

ಎಫ್‌ಲಾಕ್ ಅಥವಾ ಓಎಫ್‌ಡಿ (ಓಪನ್ ಫೈಲ್ ಡಿಸ್ಕ್ರಿಪ್ಷನ್) ಲಾಕ್ ಬಳಸಿ. ಓಎಫ್‌ಡಿ ಲಿನಕ್ಸ್ 3.15ರಿಂದ, 2014ರಲ್ಲಿ ಬಂತು. ಇವು ಓಪನ್ ಕರೆಯಿಂದ ಹುಟ್ಟಿದ ಫೈಲ್ ದಾಖಲೆಗೆ, ಅಂದರೆ ಮೇಲೆ ಹೇಳಿದ ಸ್ಲಾಟಿನಂಥದ್ದಕ್ಕೆ ಕಟ್ಟಿದ ಲಾಕ್. ಫೋರ್ಕ್ ಆದ ಮಗುವೂ ಅದನ್ನೇ ಹಂಚಿಕೊಳ್ಳುತ್ತದೆ, ಹಾಗಾಗಿ ಡಿಸ್ಕ್ರಿಪ್ಟರಿಗೆ ಕ್ಲೋಸ್-ಆನ್-ಎಕ್ಸೆಕ್ (ಹೊಸ ಪ್ರೋಗ್ರಾಂ ಶುರುವಾದಾಗ ತಾನೇ ಮುಚ್ಚಿಕೊಳ್ಳುವ) ಗುರುತು ಹಾಕಿ. ಇಲ್ಲದಿದ್ದರೆ ನಡುವೆ ಓಡಿಸಿದ ಯಾವುದೋ ಸಣ್ಣ ಕಮಾಂಡ್ ಮುಗಿಯುವವರೆಗೆ ಲಾಕ್ ಬಿಡುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಕರೆಂಟನ್ನೂ ನಂಬುವಂತಿಲ್ಲವಾದ್ದರಿಂದ ಪೂರ್ತಿ ಕ್ರಮ ಬರೆಯುತ್ತೇನೆ:

1. ದತ್ತಾಂಶದ ಫೈಲಿಗೆ ಲಾಕ್ ಹಾಕಬೇಡಿ. ಪಕ್ಕದಲ್ಲಿ ಖಾಲಿ ಲಾಕ್ ಫೈಲ್ ಇಡಿ. 5ನೇ ಹೆಜ್ಜೆಯ ರಿನೇಮ್ ಆದಾಗ ದತ್ತಾಂಶದ ಐನೋಡೇ ಬದಲಾಗುತ್ತದೆ, ಹಳೆಯ ಐನೋಡಿನ ಮೇಲಿನ ಲಾಕ್ ಯಾರನ್ನೂ ತಡೆಯುವುದಿಲ್ಲ.
2. ಲಾಕ್ ಫೈಲ್ ತೆರೆದು ಎಕ್ಸ್‌ಕ್ಲೂಸಿವ್ ಎಫ್‌ಲಾಕ್ ಹಿಡಿಯಿರಿ.
3. ಈಗ ದತ್ತಾಂಶ ಓದಿ. ಲಾಕಿಗಿಂತ ಮುಂಚೆ ಓದಿಟ್ಟಿದ್ದರೆ ಅದನ್ನು ಎಸೆದು ಮತ್ತೆ ಓದಿ.
4. ಅದೇ ಡೈರೆಕ್ಟರಿಯಲ್ಲಿ ತಾತ್ಕಾಲಿಕ ಫೈಲಿಗೆ ಬರೆಯಿರಿ. ಬಫರ್ ಫ್ಲಶ್ ಮಾಡಿ, ಎಫ್‌ಸಿಂಕ್ (ಡಿಸ್ಕಿಗೆ ನಿಜವಾಗಿ ಇಳಿಸುವ ಕರೆ) ಮಾಡಿ.
5. ಹಳೆಯ ಹೆಸರಿನ ಮೇಲೆ ರಿನೇಮ್. ಆಮೇಲೆ ಡೈರೆಕ್ಟರಿಗೂ ಎಫ್‌ಸಿಂಕ್.
6. ಲಾಕ್ ಬಿಡಿ.

ಕರೆಂಟ್ ಯಾವ ಹೆಜ್ಜೆಯಲ್ಲಿ ಹೋದರೂ ಹಳೆಯ ಫೈಲ್ ಪೂರ್ತಿ ಇರುತ್ತದೆ, ಇಲ್ಲವೇ ಹೊಸದು ಪೂರ್ತಿ ಇರುತ್ತದೆ.

ಹಟ್ಟಿಹೊಳೆ

3ನೇ ಹೆಜ್ಜೆಯನ್ನೇ ಮತ್ತೊಮ್ಮೆ ನೋಡಿ ಅಕ್ಕ. ಬೆಳಿಗ್ಗೆ ಓದಿಟ್ಟ ಪಟ್ಟಿಯನ್ನು ಮೆಮೊರಿಯಲ್ಲೇ ಇಟ್ಟುಕೊಂಡು, ಸಂಜೆ ಲಾಕ್ ಹಿಡಿದು ಅದನ್ನೇ ಬರೆಯುವ ಪ್ರೋಗ್ರಾಂ ಆಗಿದ್ದರೆ ನಡುವಿನ ತಿದ್ದುಪಡಿ ಹೋಗಲೇಬೇಕು. ಫೈಲ್‌ಅಲಾಕ್‌ನಲ್ಲಿ ಹುಡುಗರು ಮಾಡಿದ ತಪ್ಪೇ ಇದು, ಕಾಲ ಮಾತ್ರ ದೊಡ್ಡದು.

ಇನ್ನೂ ಒಂದು: ಲಾಕ್ ಫೈಲನ್ನು ಕೆಲಸ ಮುಗಿದ ಮೇಲೆ ಅಳಿಸಬೇಡಿ. ಒಬ್ಬರು ಲಾಕ್ ಹಿಡಿದಿದ್ದಾಗ ಎರಡನೆಯವರು ಅದೇ ಫೈಲ್ ತೆರೆದು ಕಾಯುತ್ತಿರುತ್ತಾರೆ. ಮೊದಲನೆಯವರು ಅಳಿಸಿ ಹೋದರೆ ಎರಡನೆಯವರಿಗೆ ಸಿಗುವುದು ಹೆಸರಿಲ್ಲದ ಐನೋಡಿನ ಲಾಕ್. ಮೂರನೆಯವರು ಅದೇ ಹೆಸರಲ್ಲಿ ಹೊಸ ಫೈಲ್ ಮಾಡಿ ಅದಕ್ಕೆ ಲಾಕ್ ಹಿಡಿಯುತ್ತಾರೆ. ಇಬ್ಬರೂ ಒಳಗೆ! ಅಳಿಸಲೇಬೇಕಿದ್ದರೆ, ಲಾಕ್ ಸಿಕ್ಕ ಮೇಲೆ ಡಿಸ್ಕ್ರಿಪ್ಟರಿನ ಐನೋಡ್ ಸಂಖ್ಯೆ ಮತ್ತು ಹೆಸರಿನ ಐನೋಡ್ ಸಂಖ್ಯೆ ಒಂದೇ ಇದೆಯೇ ನೋಡಿ. ಬೇರೆಯಾಗಿದ್ದರೆ ಮೊದಲಿಂದ ಶುರು. ಖಾಲಿ ಫೈಲ್ ಅಲ್ಲೇ ಬಿದ್ದಿರುವುದರಿಂದ ಏನೂ ನಷ್ಟವಿಲ್ಲ.

ಮೂರ್ನಾಡು

ಎರಡೂ ಇದ್ದವು. ಸೆನ್ಸರ್ ಪ್ರೋಗ್ರಾಂ ಪಟ್ಟಿಯನ್ನು ಶುರುವಿನಲ್ಲಿ ಒಮ್ಮೆ ಮಾತ್ರ ಓದುತ್ತದೆ. ತಿದ್ದುವ ಪ್ರೋಗ್ರಾಂ ಲಾಕ್ ಹಿಡಿದ ಮೇಲೆ ತಿಂಗಳ ಮೊತ್ತ ಕೂಡಿಸಲು ಅದೇ ಫೈಲನ್ನು ಇನ್ನೊಮ್ಮೆ ತೆರೆದು ಮುಚ್ಚುತ್ತದೆ. ರೈಟರ್ ಎಡಿಟರಿನಲ್ಲಿ ನೇರ ತಿದ್ದಿದರೆ ಈ ಲಾಕ್ ತಡೆಯುತ್ತದೆಯೇ?

ಗೋಣಿಕೊಪ್ಪ_ಸಿಸ್ಟಮ್ಸ್

ತಡೆಯುವುದಿಲ್ಲ ಅಕ್ಕ. ಇವೆಲ್ಲ ಒಪ್ಪಂದದ ಲಾಕ್. ಕೇಳಿದವರನ್ನು ಮಾತ್ರ ನಿಲ್ಲಿಸುತ್ತವೆ. ಕಡ್ಡಾಯ ಲಾಕಿಂಗ್ ಲಿನಕ್ಸ್‌ನಲ್ಲಿ ಹಿಂದೆ ಇತ್ತು, ಭರವಸೆಗೆ ತಕ್ಕದ್ದಾಗಿರಲಿಲ್ಲ. 2021ರ 5.15ರಲ್ಲಿ ತೆಗೆದುಹಾಕಿದರು. ಎಡಿಟರನ್ನೇ ಎಫ್‌ಲಾಕ್ ಕಮಾಂಡಿನ ಮೂಲಕ ಓಡಿಸುವ ಒಂದು ಶಾರ್ಟ್‌ಕಟ್ ಮಾಡಿಕೊಡಿ. ಸೆನ್ಸರ್ ಕಡೆ ಕಾಯುವ ಮಿತಿ ಇಡಿ. ಸಿಗದಿದ್ದರೆ ಅಳತೆಯನ್ನು ಬೇರೆ ಫೈಲಿಗೆ ಅಪೆಂಡ್ ಮಾಡಿಟ್ಟು ಆಮೇಲೆ ಸೇರಿಸಲಿ.

ಕುಶಾಲನಗರ_ಲ್ಯಾಬ್

ಹುಡುಕಾಟವನ್ನು ಲಾಕಿನೊಳಗೆ ತಂದ ಮೇಲೆ 3 ಸಿಪಿಯುನಲ್ಲಿ ಯೂಸರ್‌ಟೆಸ್ಟ್ಸ್ ಪೂರ್ತಿ ಪಾಸಾಗುತ್ತಿದೆ. ರೇಸ್ ಎದ್ದು ಕಾಣುವಂತೆ ಮಾಡುವ ಉಪಾಯ ಇದೆಯೇ? ಮತ್ತೊಂದು: ಡಿಸ್ಕ್ರಿಪ್ಟರ್ ಸಂಖ್ಯೆ ಕೊಡುವ ಎಫ್‌ಡಿಅಲಾಕ್‌ನಲ್ಲಿ ಲಾಕೇ ಇಲ್ಲವಲ್ಲ, ಅದೂ ಒಂದು ಬಗ್ (ತಪ್ಪು) ತಾನೇ?

ತಡಿಯಂಡಮೋಳ್

ಹಳೆಯ ತಪ್ಪು ಕೋಡನ್ನು ಬೇರೆ ಶಾಖೆಯಲ್ಲಿ ಇಟ್ಟುಕೊಳ್ಳಿ. ಸ್ಲಾಟ್ ಸಿಕ್ಕಿದ ಸಾಲಿಗೂ ಲಾಕ್ ಹಿಡಿಯುವ ಸಾಲಿಗೂ ನಡುವೆ ಯೀಲ್ಡ್ (ಸಿಪಿಯುವನ್ನು ಬೇರೆ ಪ್ರೊಸೆಸ್‌ಗೆ ಬಿಟ್ಟುಕೊಡುವ) ಕರೆ ಹಾಕಿ. ಅಲ್ಲಿ ಸ್ಪಿನ್‌ಲಾಕ್ ಕೈಯಲ್ಲಿಲ್ಲವಾದ್ದರಿಂದ ಕರೆಯಬಹುದು. ಸಂದು ಅಗಲವಾಗಿ, ಒಂದೇ ಸಿಪಿಯುನಲ್ಲೂ ರೇಸ್ ಸಿಕ್ಕಿಬೀಳುತ್ತದೆ. ಸಿಪಿಯುಗಳನ್ನು 8ರವರೆಗೆ ಏರಿಸಬಹುದು, ಅದು ಎಕ್ಸ್‌ವಿ6ರ ಮಿತಿ.

ಎಫ್‌ಡಿಅಲಾಕ್ ಬಗ್ ಅಲ್ಲ. ಡಿಸ್ಕ್ರಿಪ್ಟರ್ ಪಟ್ಟಿಯ 16 ಜಾಗ ಆ ಪ್ರೊಸೆಸ್ಸಿನ ಸ್ವಂತದ್ದು. ಎಕ್ಸ್‌ವಿ6 ಪ್ರೊಸೆಸ್ಸಿಗೆ ಒಂದೇ ಥ್ರೆಡ್. ಫೋರ್ಕ್‌ನಲ್ಲಿ ನಕಲಾಗುವಾಗಲೂ ಓಡುತ್ತಿರುವುದು ಅದೇ ತಂದೆ ಪ್ರೊಸೆಸ್.

ಹುಡುಗರು ಮುಂದೆ ಥ್ರೆಡ್ ಸೇರಿಸುವುದಾದರೆ ಮಾತ್ರ ಎರಡು ಬದಲಾವಣೆ ಬೇಕು. ಒಂದು, ಆ ಪಟ್ಟಿಗೆ ಲಾಕ್. ಎರಡು, ಡಿಸ್ಕ್ರಿಪ್ಟರಿನಿಂದ ಫೈಲ್ ಹುಡುಕುವ ಆರ್ಗ್‌ಎಫ್‌ಡಿ ಈಗ ಬರೀ ಪಾಯಿಂಟರ್ ಕೊಡುತ್ತದೆ, ಎಣಿಕೆ ಏರಿಸುವುದಿಲ್ಲ. ಒಂದು ಥ್ರೆಡ್ ರೀಡ್ ನಡುವೆ ಇರುವಾಗ ಇನ್ನೊಂದು ಅದೇ ಡಿಸ್ಕ್ರಿಪ್ಟರ್ ಮುಚ್ಚಿದರೆ ರೀಡ್ ಕೈಯಲ್ಲಿ ಉಳಿಯುವುದು ಬಿಡುಗಡೆಯಾದ ಸ್ಲಾಟ್. ಹಾಗಾಗಿ ಪಟ್ಟಿಯ ಲಾಕ್ ಹಿಡಿದಿರುವಾಗಲೇ ಫೈಲ್‌ಡಪ್ ಕರೆದು ಎಣಿಕೆ ಏರಿಸಬೇಕು. ಸಿಸ್ಟಮ್ ಕಾಲ್ ಮುಗಿದಾಗ, ಎರರ್ ಆಗಿ ಹಿಂದಿರುಗುವ ದಾರಿಗಳಲ್ಲೂ ಬಿಡದಂತೆ, ಫೈಲ್‌ಕ್ಲೋಸ್ ಕರೆಯಬೇಕು. ಎರರ್ ದಾರಿಯೊಂದರಲ್ಲಿ ಮರೆತರೆ 100 ಸ್ಲಾಟ್ ತುಂಬಿ ಓಪನ್ ಮೈನಸ್ 1 ಕೊಡಲು ಶುರುಮಾಡುತ್ತದೆ. ಮೊದಲು ಅಲ್ಲೇ ಹುಡುಕಿ.